ಒಂದನ್ನು ಮುಚ್ಚಿ ಇನ್ನೊಂದನ್ನು ತೆಗೆ

ಗೋಡೆ ಉಸಿರಾಡುತ್ತದೆ ಎಂದು ಅಕ್ಕನಿಗೆ ಗೊತ್ತಾದ ದಿನದಿಂದ ಅವಳನ್ನು ಮನೆಯಲ್ಲಿ ಹಿಡಿದು ಕೂರಿಸುವುದು ನನ್ನಿಂದ ಆಗಲಿಲ್ಲ.

ಗೋಡೆ ಎಂದರೆ ಗಣಿಯ ಬಾಯಿಗೆ ಕಟ್ಟಿದ ಗೋಡೆ. ನೆಲದಡಿ ಕಲ್ಲಿದ್ದಲಿಗೆ ಬೆಂಕಿ ಹಿಡಿದು, ಅದು ನೀರಿಗೂ ಮಣ್ಣಿಗೂ ಬಗ್ಗದೆ ಹೋದಾಗ ಕೊನೆಗೆ ಉಳಿಯುವ ಉಪಾಯ ಒಂದೇ. ಒಳಗೆ ಹೋಗುವ ದಾರಿಗಳನ್ನೆಲ್ಲ ಇಟ್ಟಿಗೆಯಿಂದ ಮುಚ್ಚಿ, ಬೆಂಕಿಗೆ ಗಾಳಿ ಸಿಗದಂತೆ ಮಾಡಿ, ಅದು ತಾನಾಗಿ ಸಾಯುವವರೆಗೆ ಕಾಯುವುದು. ನಮ್ಮ ಗಣಿಗೂ ಹಾಗೇ ಮಾಡಿದರು. ಒಳಗೆ ನಮ್ಮ ಭಾವ ಇದ್ದರು.

ನಾನು ಆ ಗಣಿಯ ಗಾಳಿ ಮೇಸ್ತ್ರಿ. ಭೂಮಿಯೊಳಗೆ ಗಾಳಿ ತಾನಾಗಿ ಸುಳಿಯುವುದಿಲ್ಲ. ಅದನ್ನು ಫ್ಯಾನಿನಿಂದ ಎಳೆದು, ಬಾಗಿಲುಗಳಿಂದ ತಡೆದು, ಪರದೆ ಕಟ್ಟಿ ತಿರುಗಿಸಿ, ಕೆಲಸದವರ ಮೂಗಿನವರೆಗೆ ಕೈಹಿಡಿದು ಕರೆದೊಯ್ಯಬೇಕು. ಅದು ನನ್ನ ಕೆಲಸ. ಗಾಳಿ ಕಾಯುವುದಕ್ಕೆ ಸಂಬಳ ತೆಗೆದುಕೊಳ್ಳುವವನು ಎಂದು ಊರಿನವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ. ಗಣಿ ಮುಚ್ಚಿದ ಮೇಲೆ ನನಗೆ ಉಳಿದದ್ದು ಗೋಡೆ ಕಾಯುವ ಕೆಲಸ. ಗೋಡೆಯಲ್ಲಿ ಒಂದು ಕಬ್ಬಿಣದ ಕೊಳವೆ, ಅದಕ್ಕೊಂದು ನಲ್ಲಿ, ಪಕ್ಕದಲ್ಲಿ ಬಣ್ಣದ ನೀರು ತುಂಬಿದ ಬಾಗಿದ ಗಾಜಿನ ನಳಿಗೆ. ಹೊರಗಿನ ಗಾಳಿಯ ಒತ್ತಡ ಇಳಿದಾಗ ಒಳಗಿನದು ಇಟ್ಟಿಗೆಯ ಸಂದುಗಳಿಂದ ಹೊರಗೆ ಬರುತ್ತದೆ. ಒತ್ತಡ ಏರಿದಾಗ ಹೊರಗಿನದು ಒಳಗೆ ಹೋಗುತ್ತದೆ. ಸಾಮಾನ್ಯವಾಗಿ ಮಧ್ಯಾಹ್ನ ಬಿಡುತ್ತದೆ, ಸಂಜೆ ಎಳೆದುಕೊಳ್ಳುತ್ತದೆ. ಬಿರುಗಾಳಿ ಬರುವ ಮುಂಚೆ ಗಂಟೆಗಟ್ಟಲೆ ಬಿಡುತ್ತಲೇ ಇರುತ್ತದೆ. ಇದರಲ್ಲಿ ಜೀವವೂ ಇಲ್ಲ, ದೆವ್ವವೂ ಇಲ್ಲ. ಹವಾಮಾನ, ಅಷ್ಟೆ.

ಆದರೆ ಗೋಡೆ ಕಟ್ಟಿದ ಗಾರೆಯವನಿಗೆ ಬಾಯಿ ಸುಮ್ಮನಿರಬೇಕಲ್ಲ! ಅಂಗಡಿಯ ಮುಂದೆ ಸಿಕ್ಕ ಅಕ್ಕನಿಗೆ, "ನಾನೇ ಕೈ ಇಟ್ಟು ನೋಡಿದೀನಿ ಅಮ್ಮಾ, ಆ ಗೋಡೆ ಉಸಿರಾಡುತ್ತೆ" ಎಂದುಬಿಟ್ಟ. ಸಮಾಧಾನ ಹೇಳಲು ಹೋಗಿದ್ದನಂತೆ. ಅವನ ಕುತ್ತಿಗೆ ಹಿಸುಕಬೇಕು ಅನಿಸಿತು ನನಗೆ.

"ಹೌದೇನೋ?" ಎಂದು ಅಕ್ಕ ಕೇಳಿದಳು.

ನಾನು ಒತ್ತಡ, ಹವಾಮಾನ, ಗಾಜಿನ ನಳಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಒಂದು ಮಾತೂ ಬಿಡದೆ ಕೇಳಿಸಿಕೊಂಡಳು. ನಾನು ಮುಗಿಸಿದ ಮೇಲೆ, "ಅದೆಲ್ಲ ಸರಿ, ಹೊರಗೆ ಬಿಡೋದು ಯಾವ ಹೊತ್ತಿಗೆ?" ಎಂದಳು.

ಮಾರನೆಯ ಮಧ್ಯಾಹ್ನ ಹೊಲಿಗೆಯ ಚೀಲ ತೆಗೆದುಕೊಂಡು ಗೋಡೆಯ ಮುಂದೆ ಹೋಗಿ ಕೂತಳು.

ಭಾವನ ಕೆಲಸ ಏನೆಂದು ಮೊದಲು ಹೇಳಬೇಕು. ಅವರು ಬಾಗಿಲು ಕಾಯುವವರು. ಗಣಿಯೊಳಗೆ ಒಳ್ಳೆಯ ಗಾಳಿ ಬರುವ ದಾರಿ ಒಂದು. ಅದು ಕೆಲಸದವರನ್ನು ದಾಟಿ, ಕೆಟ್ಟು, ಹೊರಗೆ ಹೋಗುವ ದಾರಿ ಇನ್ನೊಂದು. ಇವೆರಡರ ನಡುವೆ ಒಂದು ಗಿಡ್ಡ ಅಡ್ಡದಾರಿ. ಅದರಲ್ಲಿ ಒಂದರ ಹಿಂದೆ ಒಂದು, ಎರಡು ಬಾಗಿಲು. ಯಾರಾದರೂ ಹಾಯಬೇಕಾದರೆ ಮೊದಲನೆಯದನ್ನು ತೆಗೆದು ಒಳಗೆ ಬಂದು, ಅದನ್ನು ಮುಚ್ಚಿದ ಮೇಲೆಯೇ ಎರಡನೆಯದನ್ನು ತೆಗೆಯಬೇಕು. ಎರಡೂ ಒಟ್ಟಿಗೆ ತೆರೆದರೆ ಗಾಳಿ ಹತ್ತಿರದ ದಾರಿ ಹಿಡಿದು ಹೊರಗೆ ಓಡಿಬಿಡುತ್ತದೆ, ಮುಂದೆ ಕಲ್ಲಿದ್ದಲು ಕಡಿಯುವವರು ಬಾಯಿ ಬಿಟ್ಟುಕೊಂಡು ಕೂರಬೇಕಾಗುತ್ತದೆ. ಆ ಬಾಗಿಲುಗಳು ಭಾರಿ ಮರದವು, ತಗಡು ಹೊದಿಸಿದವು. ಗಾಳಿಯ ಒತ್ತಡವೇ ಅವನ್ನು ಮುಚ್ಚುವ ಹಾಗೆ ಕೂಡಿಸಿರುತ್ತಾರೆ. ಕೈ ಬಿಟ್ಟರೆ ತಾವಾಗಿ ಧಡ್ ಎಂದು ಮುಚ್ಚಿಕೊಳ್ಳುತ್ತವೆ.

"ಒಂದನ್ನ ಮುಚ್ಚಿ ಇನ್ನೊಂದನ್ನ ತೆಗೀರಿ." ಭಾವ ಇದನ್ನು ಹೇಳದ ಮನುಷ್ಯ ಗಣಿಯಲ್ಲಿ ಇರಲಿಲ್ಲ. ಮ್ಯಾನೇಜರಿಗೂ ಹೇಳಿದ್ದರು, ಕೈಯಲ್ಲಿ ಟಾರ್ಚು ಹಿಡಿದು ಬಂದ ದೊಡ್ಡ ಸಾಹೇಬರಿಗೂ ಹೇಳಿದ್ದರು. ಅವರ ಹೆಸರು ಎಲ್ಲರಿಗೂ ಮರೆತೇಹೋಗಿ ಅವರು ಊರಿಗೆಲ್ಲ 'ಒಂದ್ಮುಚ್ಚು' ಆಗಿದ್ದರು.

ಮನೆಯಲ್ಲೂ ಅದೇ ಕಾಟ. ಸಾಲುಮನೆಗಳಲ್ಲಿ ಒಂದು ಮನೆ, ಎರಡು ಕೋಣೆ, ಮುಂಬಾಗಿಲಿನಿಂದ ನೋಡಿದರೆ ಹಿಂಬಾಗಿಲು ನೇರ ಕಾಣುತ್ತದೆ. ಮುಂಬಾಗಿಲು ತೆರೆದಿದ್ದಾಗ ಹಿಂಬಾಗಿಲು ತೆಗೆಯುವ ಹಾಗಿಲ್ಲ. ತೆಗೆದರೆ ಮನೆ ಮುಳುಗಿಹೋಯಿತು ಎಂಬಂತೆ ಓಡಿ ಬರುತ್ತಿದ್ದರು. ಬಟ್ಟೆ ಒಣಗಿಸಲು ಹೊರಟ ಅಕ್ಕ ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಕಾಯಬೇಕು, ಬೆಕ್ಕೂ ಕಾಯಬೇಕು. "ನಮ್ಮ ಮನೇಲಿ ಬೆಕ್ಕಿಗೂ ಡ್ಯೂಟಿ ಇದೆ" ಎಂದು ಅಕ್ಕ ನಗುತ್ತಿದ್ದಳು. ಭಾವನೂ ನಗುತ್ತಿದ್ದರು, ಆದರೆ ಬಾಗಿಲು ಮುಚ್ಚಿದ ಮೇಲೆ.

ಅವರಿಗೆ ಮೈ ಉರಿಯುತ್ತಿದ್ದದ್ದು ಬೆಣೆಗಳನ್ನು ಕಂಡರೆ. ಕಲ್ಲಿದ್ದಲಿನ ಡಬ್ಬಿಗಾಡಿ ತಳ್ಳುವವರು ಸೋಮಾರಿಗಳು. ಪ್ರತಿ ಸಲ ಬಾಗಿಲು ತೆಗೆದು ಮುಚ್ಚಿ ಮಾಡುವುದು ಯಾರಿಗೆ ಬೇಕು ಎಂದು ಬಾಗಿಲಡಿಗೆ ಮರದ ಬೆಣೆ ಸಿಕ್ಕಿಸಿ ತೆರೆದೇ ಇಡುತ್ತಿದ್ದರು. ಭಾವ ಅವನ್ನು ಕಿತ್ತು ಚೀಲಕ್ಕೆ ತುಂಬಿ ಮನೆಗೆ ತರುತ್ತಿದ್ದರು. ಕಲ್ಲು, ಮುರಿದ ಮರದ ಚೂರು, ಹಳೆ ಸರಳು, ಬಾಗಿಲಿಗೆ ಅಡ್ಡವಾಗುವಂಥದ್ದು ಯಾವುದನ್ನೂ ಆ ಅಡ್ಡದಾರಿಯಲ್ಲಿ ಬಿಡುತ್ತಿರಲಿಲ್ಲ. ಕಲ್ಲಿದ್ದಲ ಪುಡಿಯೂ ಇಲ್ಲದ ಹಾಗೆ ಗುಡಿಸಿಡುತ್ತಿದ್ದರು. ಅಲ್ಲಿ ಇದ್ದದ್ದು ಅವರು ಕೂರುವ ಒಂದು ಗಿಡ್ಡ ಸ್ಟೂಲು ಮಾತ್ರ. ಮನೆಗೆ ಬಂದ ಬೆಣೆಗಳನ್ನು ಅಕ್ಕ ನೀರೊಲೆಗೆ ಹಾಕುತ್ತಿದ್ದಳು. ಗಟ್ಟಿ ಮರ, ಚೆನ್ನಾಗಿ ಉರಿಯುತ್ತಿತ್ತು. ಆ ನೀರಿನಲ್ಲಿ ನಾನೂ ಸ್ನಾನ ಮಾಡಿದ್ದೇನೆ.

ಬೆಂಕಿ ಬಿದ್ದ ದಿನ ನಾನು ಗಣಿಯ ಆ ಕೊನೆಯಲ್ಲಿ ಕಡಿಯುವವರ ಜೊತೆ ಇದ್ದೆ. ಕಲ್ಲಿದ್ದಲು ಹೊರುವ ರಬ್ಬರ್ ಬೆಲ್ಟಿನ ಉರುಳೆಯೊಂದು ಸಿಕ್ಕಿಹಾಕಿಕೊಂಡು ಕಾದು ಹತ್ತಿಕೊಂಡಿತ್ತು. ಅದು ಒಳ್ಳೆಯ ಗಾಳಿಯ ದಾರಿಯಲ್ಲಿ, ಭಾವನ ಬಾಗಿಲಿಗಿಂತ ಗಣಿಯ ಬಾಯಿಯ ಕಡೆಗೆ. ಭೂಮಿಯೊಳಗಿನ ಬೆಂಕಿಯ ಕೇಡು ಇದೇ. ಉಸಿರು ಬರುವ ದಾರಿಯಲ್ಲೇ ಹೊಗೆಯೂ ಬರುತ್ತದೆ. ಯಾವ ಗಾಳಿಯನ್ನು ನಾನು ಅಷ್ಟು ಮುತುವರ್ಜಿಯಿಂದ ಕರೆತಂದಿದ್ದೆನೋ ಅದೇ ಗಾಳಿ ಹೊಗೆಯನ್ನು ಹೊತ್ತು ತಂದು ನಮ್ಮ ಮುಖಕ್ಕೆ ಹೊಡೆಯಿತು.

ಎಲ್ಲರೂ ಸೊಂಟದ ಉಸಿರುಡಬ್ಬಿ ಬಿಚ್ಚಿ ಬಾಯಿಗೆ ಕಚ್ಚಿಕೊಂಡೆವು. ಅದು ವಿಷವನ್ನು ಸೋಸಿ ಕೊಡುತ್ತದೆ, ಆದರೆ ಬಾಯಿಗೆ ಬರುವ ಗಾಳಿ ಸುಡುತ್ತದೆ. ನಾಲಿಗೆ ಬೊಬ್ಬೆ ಬಂದರೂ ಬಿಡಬಾರದು. ಬಿಟ್ಟವನು ಕೆಟ್ಟ. ಒಂದು ಡಬ್ಬಿ ಒಂದು ಗಂಟೆ ಬಂದರೆ ಹೆಚ್ಚು. ಬಂದ ದಾರಿಯಲ್ಲಿ ಬೆಂಕಿ. ಉಳಿದದ್ದು ನಮ್ಮ ಹಿಂದೆ, ಗುಡ್ಡದ ಆಚೆ ಮಗ್ಗುಲಿಗೆ ಏರುವ ಹಳೆಯ ಇಳಿಜಾರು. ಅಲ್ಲಿಗೆ ತಲೆ ಬಗ್ಗಿಸಿಕೊಂಡು ಬಹಳ ದೂರ ನಡೆಯಬೇಕು. ಗೋಡೆಗೆ ಕಟ್ಟಿದ ಹಗ್ಗ ಹಿಡಿದು ಹೊರಟೆವು. ನಮ್ಮ ದೀಪ ನಮ್ಮ ಮೊಣಕೈಯನ್ನೂ ಬೆಳಗಿಸುತ್ತಿರಲಿಲ್ಲ. ಮುಂದಿನವನು ಬಿದ್ದ, ಎಬ್ಬಿಸಿದೆ. ಹಿಂದಿನವನು ಬಿದ್ದ, ಅವನನ್ನು ಯಾರೋ ಎಬ್ಬಿಸಿದರು. ನಾವು ತಲುಪುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು.

ಆಗ ನನ್ನ ಬೆನ್ನಿಗೆ ತಾಗುತ್ತಿದ್ದ ಗಾಳಿ ನಿಂತಿತು.

ಉಳಿದವರಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು, ಜೀವಮಾನವೆಲ್ಲ ಚರ್ಮದಿಂದ ಗಾಳಿ ಅಳೆದವನು ನಾನು. ಫ್ಯಾನು ದೂರದಲ್ಲಿ ಓಡುತ್ತಲೇ ಇತ್ತು. ಫ್ಯಾನು ಓಡುತ್ತಾ ನಮ್ಮಲ್ಲಿ ಗಾಳಿ ನಿಂತರೆ ಅದಕ್ಕೆ ಅರ್ಥ ಒಂದೇ: ಅಡ್ಡದಾರಿಯ ಎರಡು ಬಾಗಿಲೂ ಒಟ್ಟಿಗೆ ತೆರೆದಿವೆ, ಹೊಗೆ ನಮ್ಮ ಕಡೆ ಬರದೆ ಆ ಹತ್ತಿರದ ದಾರಿ ಹಿಡಿದು ಹೊರಗೆ ಹೋಗುತ್ತಿದೆ. ಸ್ವಲ್ಪ ಹೊತ್ತಿಗೆ ಹೊಗೆ ತೆಳುವಾಯಿತು. ಹಗ್ಗ ಕಂಡಿತು, ಕೈ ಕಂಡಿತು, ಮುಂದಿನವನ ಬೆನ್ನು ಕಂಡಿತು. ಹಳೆಯ ಇಳಿಜಾರಿನಿಂದ ಒಂದೆಳೆ ತಣ್ಣನೆಯ ಗಾಳಿ ಇಳಿದು ಬಂತು. ಭಾವ ಬಾಗಿಲು ತೆಗೆದಿದ್ದಾರೆ ಎಂದು ಕೂಗಬೇಕೆನಿಸಿತು. ಬಾಯಲ್ಲಿ ಡಬ್ಬಿ ಇತ್ತು.

ನಾವೆಲ್ಲ ಹೊರಗೆ ಬಂದೆವು. ದೀಪದ ಕೋಣೆಯ ಹಲಗೆಯಲ್ಲಿ ಒಂದು ಮೊಳೆ ಮಾತ್ರ ಖಾಲಿ ಉಳಿಯಿತು. ಗಣಿಗೆ ಇಳಿಯುವವರು ಅಲ್ಲಿಂದ ಒಯ್ದು, ಮೇಲೆ ಬಂದಾಗ ಮತ್ತೆ ಅಲ್ಲೇ ನೇತುಹಾಕುವ ಹಿತ್ತಾಳೆ ಬಿಲ್ಲೆಗಳಲ್ಲಿ ಭಾವನದು ವಾಪಸು ಬರಲಿಲ್ಲ. ಅವರನ್ನು ತರಲು ಹೋದ ರಕ್ಷಣೆಯ ತಂಡ ಬೆಂಕಿಯ ಮುಂದೆ ಸೋತು ಹಿಂದಿರುಗಿತು. ಒಳಗೆ ಸ್ಫೋಟ ಆಗಬಹುದು ಎಂದಾಗ ಮ್ಯಾನೇಜರು ಮುಚ್ಚಲು ಹೇಳಿದರು. ಗಾರೆಯವನು ನನ್ನ ಮುಖ ನೋಡದೆ ಇಟ್ಟಿಗೆ ಇಟ್ಟ. ಫ್ಯಾನನ್ನು ನಿಲ್ಲಿಸಿದರು. ಹುಟ್ಟಿದಾಗಿನಿಂದ ಅದರ ಗುಂಯ್‌ಗುಟ್ಟುವಿಕೆಯನ್ನು ಕೇಳಿದ ಊರು ಅದು. ಅದು ನಿಂತ ಮೇಲೆ ಜನ ಪಿಸುಮಾತಿನಲ್ಲಿ ಮಾತಾಡತೊಡಗಿದರು, ತಮ್ಮ ಮಾತು ಇಷ್ಟು ಜೋರಾಗಿ ಕೇಳುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ.

ಪಿಸುಮಾತಿಗೆ ಏನು ಬೇಕು? ನಮ್ಮ ಜೊತೆ ಹಗ್ಗ ಹಿಡಿದು ಬದುಕಿ ಬಂದ ಒಬ್ಬನಿದ್ದಾನೆ, ಬಾಯಿ ಮುಚ್ಚದ ಕಾರಣ ಅವನನ್ನು ರೇಡಿಯೋ ಎಂದು ಕರೆಯುತ್ತೇವೆ. ಅವನೇ ಶುರು ಮಾಡಿದ.

"ಒಂದ್ಮುಚ್ಚು ಹೆದರಿ ಓಡಿರಬೇಕು. ಓಡೋ ಗಡಿಬಿಡೀಲಿ ಎರಡೂ ಬಾಗಿಲು ಹಾಗೇ ಬಿಟ್ಟು ಹೋಗಿರಬೇಕು. ನಮ್ಮ ಪುಣ್ಯ, ಬದುಕಿಕೊಂಡ್ವಿ."

"ಆ ಬಾಗಿಲು ಬಿಟ್ಟರೆ ಮುಚ್ಚಿಕೊಳ್ಳುತ್ತೆ ಕಣೋ, ಮಂಕೆ. ಯಾರಾದ್ರೂ ಹಿಡೀಬೇಕು" ಎಂದೆ ನಾನು.

"ಏನಾದ್ರೂ ಅಡ್ಡ ಕೊಟ್ಟು ಓಡಿರಬೇಕಪ್ಪ."

"ಅಡ್ಡ ಕೊಡೋಕೆ ಅಲ್ಲಿ ಏನಿತ್ತು?"

ಗಾಳಿಮಾತಿಗೆ ಉತ್ತರ ಬೇಕಾಗುವುದಿಲ್ಲ. ಮ್ಯಾನೇಜರು ಒಳ್ಳೆಯ ಮನುಷ್ಯರೇ. ಭಾವ ಬಾಗಿಲು ಹಿಡಿದು ನಿಂತಿದ್ದರು ಎಂದು ನಾನು ಹೇಳಿದ್ದನ್ನು ಕೇಳಿ, "ನೀವು ಹೇಳೋದು ನಿಜ ಇರಬಹುದು ಮೇಸ್ತ್ರಿ, ಆದ್ರೆ ನೋಡದೆ ನಾನು ಹೇಗೆ ಹೇಳಲಿ?" ಎಂದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

ಅಕ್ಕನಿಗೆ ಬೇಕಾಗಿದ್ದದ್ದೂ ಅದೇ. ನಿಂತರೋ, ಓಡಿದರೋ.

"ಓಡಿದ್ರೂ ನಂಗೆ ಬೇಜಾರಿಲ್ಲ ಕಣೋ," ಎಂದಳು ಒಮ್ಮೆ. "ಬೆಂಕಿ ಕಂಡರೆ ಯಾರಾದ್ರೂ ಓಡ್ತಾರೆ. ಆದ್ರೆ ಓಡಿದ್ರೆ ಎಲ್ಲೋ ಕತ್ತಲೇಲಿ ದಾರಿ ತಪ್ಪಿ ಬಿದ್ದಿದಾರೆ. ನಿಂತಿದ್ರೆ ಅಲ್ಲೇ ಇದಾರೆ, ಅವರ ಜಾಗದಲ್ಲಿ. ಎಲ್ಲಿದಾರೆ ಅಂತ ಗೊತ್ತಿಲ್ಲದೆ ನಾನು ಯಾವ ಕಡೆ ಮುಖ ಮಾಡಿ ಮಾತಾಡ್ಲಿ?"

ಹಾಗಾಗಿ ಅವಳು ಗೋಡೆಗೆ ಮುಖ ಮಾಡಿ ಮಾತಾಡಿದಳು. ದಿನವೂ. ಗುಡ್ಡ ಕಡಿದು ಮಾಡಿದ ತಗ್ಗಿನ ಕೊನೆಯಲ್ಲಿ ಆ ಗೋಡೆ, ಎರಡು ಕಡೆ ಎತ್ತರದ ಮಣ್ಣು, ಮುಂದೆ ತಂತಿಬೇಲಿ. ಬೇಲಿಯ ಹೊರಗೆ ಕಲ್ಲಿನ ಮೇಲೆ ಕೂತು ಹೊಲಿಯುತ್ತಾ, ಪಕ್ಕದ ಮನೆಯವಳ ಮಗಳು ಪಾಸಾದದ್ದು, ನಲ್ಲಿಯಲ್ಲಿ ನೀರು ಬರದೆ ಇದ್ದದ್ದು, ನಾನು ಮದುವೆಗೆ ಒಪ್ಪದೆ ಸತಾಯಿಸುವುದು, ಎಲ್ಲ ವರದಿ ಒಪ್ಪಿಸುತ್ತಿದ್ದಳು. ಬೇಡವೆಂದರೂ ಬೇಲಿ ದಾಟಿ ಹೋಗಿ ಇಟ್ಟಿಗೆಯ ಸಂದಿಗೆ ಹೊಲಿಗೆಯ ದಾರ ಇಳಿಬಿಟ್ಟಿದ್ದಳು. ಮಧ್ಯಾಹ್ನ ದಾರ ಅವಳ ಕಡೆಗೆ ತೂಗುತ್ತಿತ್ತು. ಸಂಜೆ ಸಂದಿಗೆ ಅಂಟಿಕೊಳ್ಳುತ್ತಿತ್ತು. "ನೋಡು, ಈಗ ಎಳ್ಕೋತಿದಾರೆ" ಎನ್ನುತ್ತಿದ್ದಳು. ನನ್ನ ಗಾಜಿನ ನಳಿಗೆಯೂ ಅದನ್ನೇ ಹೇಳುತ್ತಿತ್ತು. ನಾನು ಅದನ್ನು ನೋಡುವುದು ಬಿಟ್ಟು ದಾರವನ್ನು ನೋಡತೊಡಗಿದ್ದೆ.

ಮನೆಯಲ್ಲಿ ಅವಳು ಭಾವನ ನಿಯಮ ಬಿಡಲಿಲ್ಲ. ಮುಂಬಾಗಿಲು ಹಾಕಿ, ಚಿಲಕ ಜಗ್ಗಿ ನೋಡಿ, ಆಮೇಲೆ ಹಿಂಬಾಗಿಲು. ಎರಡೂ ಮುಚ್ಚಿದ ಆ ಕ್ಷಣದಲ್ಲಿ ನಡುಮನೆಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು.

"ಇಲ್ಲಿ ನಿಂತಾಗ ಪಕ್ಕದಲ್ಲಿ ಇದಾರೆ ಅನ್ಸುತ್ತೆ."

"ಏನೂ ಇಲ್ಲ ಅಕ್ಕ, ಕತ್ತಲೆ ಅಷ್ಟೆ" ಎಂದೆ.

ಅವಳು ನೀರು ತರಲು ಹೋದಾಗ ನಾನೂ ಹೋಗಿ ಅಲ್ಲಿ ನಿಂತೆ. ಎರಡು ಬಾಗಿಲೂ ಮುಚ್ಚಿದ್ದವು, ಕಿಟಕಿಯೂ ಮುಚ್ಚಿತ್ತು. ನನ್ನ ಕತ್ತಿನ ಹಿಂದೆ ಗಾಳಿ ತಾಗಿತು. ತೆಳ್ಳಗೆ, ಬೆಚ್ಚಗೆ, ಸುಟ್ಟ ರಬ್ಬರಿನ ವಾಸನೆಯ ಗಾಳಿ. ಯಾವ ಗಾಳಿ ಎಲ್ಲಿಂದ ಬಂತೆಂದು ಹೇಳುವುದು ನನ್ನ ಕಸುಬು. ಮೇಣದಬತ್ತಿ ಹಚ್ಚಿ ಮೂಲೆ ಮೂಲೆ ಹುಡುಕಿದೆ, ಬಾಗಿಲ ಸಂದು, ಮಾಡು, ನೀರೊಲೆಯ ಗೂಡು. ಜ್ವಾಲೆ ಎಲ್ಲೂ ಅಲುಗಲಿಲ್ಲ. ಹೆದರಿದೆ, ಸುಳ್ಳು ಯಾಕೆ ಹೇಳಲಿ. ಅಕ್ಕನಿಗೆ ಮಾತ್ರ ಹೇಳಲಿಲ್ಲ.

ಮಳೆಗಾಲದ ಮೊದಲ ಬಿರುಗಾಳಿಗೆ ಮುಂಚೆ ಒಂದು ದಿನ ಎಲೆ ಅಲುಗದ ಹಾಗೆ ಸೆಕೆ ಕವಿಯಿತು. ನಾನು ಆಫೀಸಿನಲ್ಲಿದ್ದೆ. ಗೋಡೆಯ ಮೇಲಿನ ಒತ್ತಡದ ಮಾಪಕದ ಮುಳ್ಳು ಬೆಳಗಿನಿಂದ ಇಳಿಯುತ್ತಲೇ ಇತ್ತು. ಒತ್ತಡ ಹೀಗೆ ಕುಸಿದರೆ ಗೋಡೆ ಒಳಗಿನ ವಿಷವನ್ನೆಲ್ಲ ಹೊರಗೆ ಕಕ್ಕುತ್ತದೆ. ಗಾಳಿ ಬೀಸದ ದಿನ ಅದು ಚದುರದೆ ಆ ತಗ್ಗಿನಲ್ಲೇ ನಿಲ್ಲುತ್ತದೆ. ಅಕ್ಕ ಅಲ್ಲಿ ಕೂತಿದ್ದಾಳೆ.

ಓಡಿದೆ. ತಗ್ಗಿನ ಬಾಯಿಗೆ ಬರುವಷ್ಟರಲ್ಲಿ ಸೊಂಟದ ಅನಿಲಮಾಪಕ ಕಿರುಚತೊಡಗಿತು. ಅಕ್ಕ ಬೇಲಿಯ ಒಳಗೇ ಇದ್ದಳು. ಗೋಡೆಗೆ ಕೆನ್ನೆ ಕೊಟ್ಟು, ಮಡಿಲಲ್ಲಿ ಹೊಲಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ಕೂತಿದ್ದಳು. ದಾರ ಇಳಿಬಿದ್ದಿರಲಿಲ್ಲ, ನೆಟ್ಟಗೆ ಅವಳ ಕಡೆಗೆ ಚಾಚಿಕೊಂಡಿತ್ತು. ನಾನು ಉಸಿರು ಬಿಗಿಹಿಡಿದು ಒಳನುಗ್ಗಿ, ತೋಳು ಹಿಡಿದು ಎಳೆದೆ. ಬರಲಿಲ್ಲ. ಕಂಕುಳಿಗೆ ಕೈಹಾಕಿ ದರದರ ಎಳೆದುಕೊಂಡು ಗುಡ್ಡ ಹತ್ತಿಸಿದೆ. ಎತ್ತರಕ್ಕೆ ಬಂದ ಮೇಲೆ ಇಬ್ಬರೂ ನೆಲಕ್ಕೆ ಬಿದ್ದೆವು. ಅವಳು ವಾಂತಿ ಮಾಡಿಕೊಂಡಳು. ತಲೆ ಒಡೆದುಹೋಗುತ್ತಿದೆ ಎಂದಳು. ಆಮೇಲೆ ನನ್ನ ಮುಖ ನೋಡಿದಳು.

"ತುಂಬಾ ಹತ್ತಿರ ಬಂದಿದ್ರು ಕಣೋ."

"ಅದು ವಿಷ ಅಕ್ಕಾ! ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ರೆ ಅಲ್ಲೇ ಮಲಗಿಬಿಡ್ತಿದ್ದೆ!"

"ಅವರ ಉಸಿರು ನಂಗೆ ವಿಷ ಆಗುತ್ತಾ?"

ನನಗೆ ಸಿಟ್ಟೂ ಅಳುವೂ ಒಟ್ಟಿಗೆ ಬಂದವು. ಎರಡು ಕೈಯಿಂದ ಅವಳ ಭುಜ ಹಿಡಿದು ಅಲುಗಿಸಿದೆ. "ನನ್ನ ಮಾತು ಕೇಳು. ಬೆಂಕಿ ಸತ್ತ ದಿನ ನಾನೇ ಒಳಗೆ ಹೋಗ್ತೀನಿ. ಅವರು ಎಲ್ಲಿದಾರೆ ಅಂತ ನನ್ನ ಕಣ್ಣಾರೆ ನೋಡಿ, ಇದ್ದದ್ದನ್ನ ಇದ್ದ ಹಾಗೆ ಬಂದು ಹೇಳ್ತೀನಿ. ಅಲ್ಲೀವರೆಗೆ ಆ ಗೋಡೆ ಹತ್ತಿರ ಕಾಲಿಡಬೇಡ."

"ಇದ್ದ ಹಾಗೆ?"

"ಇದ್ದ ಹಾಗೆ."

ಅವಳು ಮಾತು ಉಳಿಸಿಕೊಂಡಳು. ಮಧ್ಯಾಹ್ನಗಳಲ್ಲಿ ನಡುಮನೆಯಲ್ಲಿ ನಿಲ್ಲುವುದು ಮಾತ್ರ ಹೆಚ್ಚಾಯಿತು.

ಬೆಂಕಿ ಸತ್ತಿದೆ ಎಂದು ಗೋಡೆಯ ಕೊಳವೆಯಿಂದ ತೆಗೆದು ಪರೀಕ್ಷಿಸಿದ ಗಾಳಿ ಹೇಳುವಷ್ಟರಲ್ಲಿ ಇನ್ನೊಂದು ಮಳೆಗಾಲ ಕಳೆದಿತ್ತು. ಮುಚ್ಚಿದ ಗಣಿಯನ್ನು ಸುಮ್ಮನೆ ಒಡೆದು ತೆರೆಯುವಂತಿಲ್ಲ. ಹೊಸ ಗಾಳಿ ನುಗ್ಗಿದರೆ ಬೂದಿಯೊಳಗೆ ಉಳಿದ ಕಿಡಿ ಎದ್ದು ಕೂರುತ್ತದೆ. ಹಾಗಾಗಿ ಗೋಡೆಯ ಮುಂದೆ ಇನ್ನೊಂದು ಗೋಡೆ ಕಟ್ಟಿ, ಅದಕ್ಕೆ ಬಾಗಿಲು ಇಟ್ಟು, ಎರಡರ ನಡುವೆ ನಿಂತು ಹಳೆಯ ಗೋಡೆಯನ್ನು ಕೊರೆಯುತ್ತಾರೆ. ಅದೇ ಗಾರೆಯವನು ಕಟ್ಟಿದ. ನಾವು ಆಮ್ಲಜನಕದ ಸಿಲಿಂಡರು ಬೆನ್ನಿಗೆ ಬಿಗಿದು ನಿಂತಾಗ ರಕ್ಷಣೆ ತಂಡದ ಮುಖ್ಯಸ್ಥ ಎಲ್ಲರಿಗೂ ಎಚ್ಚರ ಹೇಳಿದ. "ನೆನಪಿರಲಿ, ಇದನ್ನ ಮುಚ್ಚಿದ ಮೇಲೇನೇ ಅದನ್ನ ತೆಗೀಬೇಕು."

ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಗಾರೆಯವನು ಕರಣೆ ಕೆಳಗಿಟ್ಟು ತಲೆಯ ಮೇಲಿನ ಬಟ್ಟೆ ತೆಗೆದ.

ಒಳಗೆ ಸದ್ದೇ ಇರಲಿಲ್ಲ. ಗಣಿಯಲ್ಲಿ ಯಾವಾಗಲೂ ಏನಾದರೂ ಒಂದು ಸದ್ದು ಇರುತ್ತದೆ, ನೀರು, ಗಾಳಿ, ಮಣ್ಣು ಉದುರುವುದು. ಅಲ್ಲಿ ನಮ್ಮ ಮುಖವಾಡದ ಉಸಿರು ಮಾತ್ರ. ಬೆಲ್ಟು ಸುಟ್ಟು ತಂತಿಯ ಗೋಜಲಾಗಿತ್ತು. ಅದನ್ನು ದಾಟಿದ ಮೇಲೆ ಎಲ್ಲವೂ ಮಸಿ. ನೆಲ, ಗೋಡೆ, ಚಾವಣಿ, ಮಸಿಯ ಮೇಲೆ ಮಸಿ. ಅಡ್ಡದಾರಿಯ ತಿರುವಿಗೆ ಬಂದಾಗ ನನ್ನ ಕಾಲು ನಿಂತಿತು. ತಂಡದ ಮುಖ್ಯಸ್ಥ ಭುಜದ ಮೇಲೆ ಕೈಯಿಟ್ಟ. ತಿರುಗಿದೆ.

ಮೊದಲನೆಯ ಬಾಗಿಲು ತೆರೆದಿತ್ತು. ಅದರ ಸಂದಿಗೆ ಭಾವನ ಸ್ಟೂಲನ್ನು ಓರೆಯಾಗಿ ಜಡಿಯಲಾಗಿತ್ತು. ಒಂದು ಕಾಲು ಮುರಿದಿದ್ದರೂ ಸ್ಟೂಲು ಬಾಗಿಲನ್ನು ಹಿಡಿದೇ ಇತ್ತು.

ಎರಡನೆಯ ಬಾಗಿಲೂ ತೆರೆದಿತ್ತು. ಅದನ್ನು ಭಾವ ಹಿಡಿದಿದ್ದರು. ಕೂತಿದ್ದರು, ಬೆನ್ನು ಬಾಗಿಲಿಗೆ, ಕಾಲುಗಳೆರಡೂ ಎದುರಿನ ಚೌಕಟ್ಟಿಗೆ ಒದ್ದುಕೊಂಡು. ಉಸಿರುಡಬ್ಬಿ ಬಾಯಲ್ಲೇ ಇತ್ತು. ಬಾಗಿಲು ಅವರ ಮೇಲೆ ಒರಗಿತ್ತು, ಮುಚ್ಚಿಕೊಂಡಿರಲಿಲ್ಲ.

ನಾನು ದೀಪ ಮೇಲಕ್ಕೆತ್ತಿದೆ. ಇಡೀ ಬಾಗಿಲು ಕಪ್ಪಾಗಿತ್ತು. ಆದರೆ ಅವರು ಕೂತಲ್ಲಿಗಿಂತ ಮೇಲೆ, ಆಳೆತ್ತರದಲ್ಲಿ, ತಗಡಿನ ಬಣ್ಣ ಹಾಗೇ ಉಳಿದಿತ್ತು. ಎರಡು ಭುಜ, ಒಂದು ತಲೆ, ಒಂದು ಬೆನ್ನು. ಹೊಗೆ ಹಾಯುತ್ತಿದ್ದಷ್ಟು ಹೊತ್ತೂ ಅವರು ನಿಂತೇ ಇದ್ದರು. ಬಹಳ ಕೊನೆಗೆ ಕುಸಿದಿದ್ದರು, ಕುಸಿಯುವಾಗಲೂ ಬಾಗಿಲು ಬಿಟ್ಟಿರಲಿಲ್ಲ.

ನೆಲದ ಮೇಲೆ ಬೆಳಕು ಹಾಯಿಸಿದೆ. ಗುಡಿಸಿಟ್ಟ ನೆಲ. ಮಸಿಯನ್ನು ಬೂಟಿನಿಂದ ಸರಿಸಿ ಸರಿಸಿ ನೋಡಿದೆ. ಒಂದು ಕಲ್ಲಿಲ್ಲ, ಒಂದು ಚೂರು ಮರವಿಲ್ಲ. ಒಂದೇ ಒಂದು ಬೆಣೆ ಇದ್ದಿದ್ದರೆ, ಅಂಗೈಯಗಲದ್ದು, ಅದನ್ನು ಆ ಬಾಗಿಲಡಿ ಒದ್ದು, ಒಳ್ಳೆಯ ಗಾಳಿಯ ದಾರಿಗೆ ಬಂದು, ನಮ್ಮ ಹಿಂದೆಯೇ ಹಗ್ಗ ಹಿಡಿದು ಭಾವ ನಡೆದು ಬರಬಹುದಿತ್ತು. ಎಲ್ಲ ಬೆಣೆಗಳನ್ನೂ ಅವರೇ ಕಿತ್ತು ತಂದಿದ್ದರು. ಮುಖವಾಡದೊಳಗೆ ಅತ್ತರೆ ಗಾಜು ಮಂಜಾಗುತ್ತದೆ, ದಾರಿ ಕಾಣುವುದಿಲ್ಲ. ಆದರೂ ಅತ್ತೆ.

ಹೊರಗೆ ಮ್ಯಾನೇಜರು ನಾನು ಹೇಳಿದ್ದನ್ನು ಎಲ್ಲರ ಮುಂದೆ ತಮ್ಮ ಬಾಯಲ್ಲಿ ಮತ್ತೆ ಹೇಳಿದರು. "ಅವರು ಓಡಲಿಲ್ಲ. ನಿಂತರು." ರೇಡಿಯೋ ಗುಂಪಿನ ಹಿಂದೆ ಇದ್ದ. ಅವತ್ತು ಅವನು ಒಂದು ಮಾತೂ ಆಡಲಿಲ್ಲ.

ಮನೆಗೆ ಹೋದೆ. ಹಿಂಬಾಗಿಲು ಮುಚ್ಚಿತ್ತು. ಅಕ್ಕ ಮುಂಬಾಗಿಲು ತೆಗೆದು, ನಾನು ಒಳಗೆ ಬಂದ ಮೇಲೆ ಮುಚ್ಚಿ, ನಡುಮನೆಯಲ್ಲಿ ನಿಂತಳು. ಅವಳ ಮುಖದಲ್ಲಿ ಪ್ರಶ್ನೆ ಇರಲಿಲ್ಲ. ಸುದ್ದಿ ನನಗಿಂತ ಮುಂಚೆ ಬಂದಿತ್ತು.

"ಎಲ್ಲಿದ್ರು?"

"ಅವರ ಜಾಗದಲ್ಲೇ ಇದ್ರು ಅಕ್ಕಾ. ಕೊನೇವರೆಗೂ ನಿಂತಿದ್ರು."

ಸ್ಟೂಲಿನ ಕಥೆ ಹೇಳಿದೆ, ಬೆನ್ನಿನ ಗುರುತಿನ ಕಥೆ ಹೇಳಿದೆ. ಅವಳು ತಲೆಯಾಡಿಸುತ್ತಾ ಕೇಳಿದಳು. ಮುಖ ಸ್ವಲ್ಪ ಸಡಿಲವಾಯಿತು. ಎಷ್ಟೋ ದಿನಗಳ ಮೇಲೆ ಅಂಥ ಮುಖ ನೋಡಿದೆ. ಇನ್ನು ಸಾಕು, ಇಲ್ಲಿಗೆ ನಿಲ್ಲಿಸೋಣ ಎಂದುಕೊಂಡೆ.

"ಒಂದಕ್ಕೆ ಸ್ಟೂಲ್ ಕೊಟ್ರು," ಎಂದಳು ನಿಧಾನವಾಗಿ. "ಇನ್ನೊಂದಕ್ಕೆ ಕೊಡ್ಲಿಕ್ಕೆ ಅಲ್ಲಿ ಏನೂ ಸಿಗಲಿಲ್ವಾ?"

ನಾನು ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದೆ.

"ಒಂದು ಬೆಣೆ?"

"ಇತ್ತು ಅಕ್ಕಾ. ಅಲ್ಲೇ ಮೂಲೇಲಿ ಒಂದು ಬಿದ್ದಿತ್ತು. ಹೊಗೆ ಅಲ್ವಾ, ಅವರಿಗೆ ಕಂಡಿಲ್ಲ."

ಅಕ್ಕ ನನ್ನನ್ನೇ ನೋಡಿದಳು. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ನೀರೊಲೆಯ ಕಡೆ ನೋಡಿದೆ. ನೋಡಬಾರದಿತ್ತು. ಅವಳೂ ಅತ್ತ ತಿರುಗಿದಳು.

"ಇದ್ದ ಹಾಗೆ ಹೇಳ್ತೀನಿ ಅಂದಿದ್ದೆ," ಎಂದಳು.

"ಅಕ್ಕಾ..."

"ಎಲ್ಲಾ ಸುಟ್ಟುಬಿಟ್ಟೆ ಕಣೋ ನಾನು. ಒಂದಾದ್ರೂ ಉಳಿಸಲಿಲ್ಲ."

"ಇಲ್ಲಿ ಉಳಿಸಿದ್ರೆ ಅಲ್ಲಿ ಏನು ಬಂತು? ಕಿತ್ತು ತಂದಿದ್ದು ಅವರು. ಅದು ಅವರ ಕೆಲಸ. ಸರಿಯಾದ ಕೆಲಸಾನೇ. ಯಾರ ತಪ್ಪೂ ಇಲ್ಲ ಅದರಲ್ಲಿ."

ಅವಳು ಹೋಗಿ ಮುಂಬಾಗಿಲು ತೆಗೆದಳು. ಅದನ್ನು ಮುಚ್ಚದೆಯೇ ನಡುಮನೆ ದಾಟಿ ಹೋಗಿ ಹಿಂಬಾಗಿಲ ಚಿಲಕ ಜಾರಿಸಿ ಅದನ್ನೂ ತೆಗೆದಳು. ಆ ಮನೆಯಲ್ಲಿ ಎರಡೂ ಒಟ್ಟಿಗೆ ತೆರೆದದ್ದನ್ನು ನಾನು ಕಂಡದ್ದು ಅದೇ ಮೊದಲು. ಸಂಜೆಯ ಗಾಳಿ ಬೀದಿಯಿಂದ ನುಗ್ಗಿ ನಡುಮನೆಯಲ್ಲಿ ಹಾಯಿತು, ಗೂಟದಲ್ಲಿ ತೂಗುತ್ತಿದ್ದ ಭಾವನ ಅಂಗಿ ಒಮ್ಮೆ ತೋಳೆತ್ತಿ ಇಳಿಸಿತು. ಸುಟ್ಟ ರಬ್ಬರಿನ ವಾಸನೆ ನನ್ನ ಮುಖವನ್ನು ಸವರಿಕೊಂಡು ಹಿಂಬಾಗಿಲಿನಿಂದ ಹೊರಗೆ ಹೋಯಿತು. ನನ್ನ ಬಟ್ಟೆಯದೇ ಇರಬೇಕು. ಗೊತ್ತಿಲ್ಲ.

ಗಾಳಿಗೆ ಹಿಂಬಾಗಿಲು ತಿರುಗಿ ಮುಚ್ಚಿಕೊಳ್ಳಲು ಬಂತು. ಅಡ್ಡ ಕೊಡಲು ಮನೆಯಲ್ಲಿ ಒಂದು ಬೆಣೆ ಇರಲಿಲ್ಲ. ಅಕ್ಕ ಹೋಗಿ ಅದಕ್ಕೆ ಬೆನ್ನು ಕೊಟ್ಟು ನಿಂತಳು. ಕಾಲುಗಳನ್ನು ಎದುರಿನ ಚೌಕಟ್ಟಿಗೆ ಒತ್ತಿದಳು.

"ಬಿಡಕ್ಕಾ, ನಾನು ಏನಾದ್ರೂ ತಂದು ಇಡ್ತೀನಿ."

"ಬೇಡ. ಎಷ್ಟು ಭಾರ ಇರುತ್ತೆ ಅಂತ ನೋಡ್ತೀನಿ."

ಗಾಳಿ ತಳ್ಳಿದಾಗಲೆಲ್ಲ ಬಾಗಿಲು ಅವಳ ಬೆನ್ನನ್ನು ಒತ್ತಿತು. ಪ್ರತಿ ಸಲವೂ ಅವಳು ಕಣ್ಣು ಮುಚ್ಚಿ ಅದನ್ನು ತಡೆದಳು. ನಾನು ಅಡುಗೆ ಕಡೆಯ ಸ್ಟೂಲು ತಂದು ಮುಂಬಾಗಿಲಿಗೆ ಓರೆಯಾಗಿ ಕೊಟ್ಟು, ವಾಪಸು ಬಂದು ಅವಳ ಪಕ್ಕದಲ್ಲಿ ಬೆನ್ನು ಕೊಟ್ಟು ನಿಂತೆ.